ಕಡಲಿನ ಅಳತೆಯಕ್ಕ

ಅಳತೆಯಕ್ಕನ ಬಾಯಿಂದ 'ಸುಮಾರು' ಎಂಬ ಮಾತು ಹೊರಟದ್ದನ್ನು ನಾನು ಕೇಳಿದವನಲ್ಲ. ಅವರೊಂದಿಗೆ ಒಂದೇ ಹಡಗಿನಲ್ಲಿ ಇಪ್ಪತ್ತಾರು ವರ್ಷ ಕಳೆದವರೂ ಕೇಳಿರಲಿಲ್ಲವಂತೆ. ಮಳೆ ಯಾವಾಗ ನಿಂತಿತು ಎಂದು ಕೇಳಿದರೆ ಗಡಿಯಾರದ ವೇಳೆಯನ್ನೇ ಹೇಳುತ್ತಿದ್ದರು. ಗೊತ್ತಿಲ್ಲದಿದ್ದರೆ "ನೋಡಿಲ್ಲ" ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು. ಇವೆರಡರ ನಡುವೆ ನಮ್ಮಂಥವರೆಲ್ಲ ಹಾಯಾಗಿ ಸಂಸಾರ ಹೂಡಿಕೊಂಡಿರುವ ಆ ವಿಶಾಲವಾದ ಅಂದಾಜಿನ ಪ್ರದೇಶವಿದೆಯಲ್ಲ, ಅಲ್ಲಿ ಅವರು ಕಾಲಿಟ್ಟವರೇ ಅಲ್ಲ. "ಉಪ್ಪು ಸರಿಯಾಗಿದೆಯಾ ಅಕ್ಕಾ ಅಂತ ಕೇಳೋಕೇ ಹೆದರಿಕೆ ಸ್ವಾಮಿ, ಇಷ್ಟು ಗ್ರಾಂ ಕಡಿಮೆ ಅಂದ್ಬಿಟ್ರೆ ಏನು ಮಾಡ್ಲಿ" ಎಂದು ಹಡಗಿನ ಅಡುಗೆಯವರು ನನ್ನೊಡನೆ ಗೋಳು ತೋಡಿಕೊಂಡದ್ದುಂಟು.

ನಾನು ಆ ಹಡಗನ್ನು ಹತ್ತಿದ್ದು ಒಂದು ಕಿರುಪುಸ್ತಕ ಬರೆಯಲು. ಸಮುದ್ರದಲ್ಲಿ ಮೀನು ಎಷ್ಟಿದೆ ಎಂದು ತಿಳಿಯುವುದಕ್ಕಾಗಿಯೇ ವರ್ಷಕ್ಕೊಮ್ಮೆ ಹೊರಡುವ ಹಡಗು ಅದು. ನಲವತ್ತೊಂದು ದಿನ, ಹೊರಡುವ ಮೊದಲೇ ಚೀಟಿ ಎತ್ತಿ ಆರಿಸಿದ ನೂರಿಪ್ಪತ್ತು ಜಾಗ, ಪ್ರತಿ ಜಾಗದಲ್ಲೂ ಅರ್ಧ ಗಂಟೆ ಬಲೆ ಎಳೆಯುವುದು; ಬಂದದ್ದನ್ನು ಜಾತಿವಾರು ವಿಂಗಡಿಸಿ, ತೂಗಿ, ಅಳೆದು, ತಲೆಯೊಳಗಿನ ಅವರೆಕಾಳಿಗಿಂತ ಚಿಕ್ಕದಾದ ಕಿವಿಗಲ್ಲನ್ನು ಚಿಮುಟದಿಂದ ತೆಗೆದು ಪುಟ್ಟ ಲಕೋಟೆಯಲ್ಲಿ ಹಾಕಿಡುವುದು. ಮರದ ಕಾಂಡದಲ್ಲಿರುವಂತೆ ಆ ಕಲ್ಲಿನಲ್ಲೂ ವರ್ಷಕ್ಕೊಂದು ಬಳೆ ಮೂಡಿರುತ್ತದೆ, ಎಣಿಸಿದರೆ ಮೀನಿನ ವಯಸ್ಸು. ಈ ಅಂಕಿಗಳ ಆಧಾರದ ಮೇಲೆ ಬರುವ ವರ್ಷ ದೋಣಿಗಳು ಎಲ್ಲಿ, ಎಷ್ಟು ಹಿಡಿಯಬಹುದೆಂದು ದಡದ ಕಚೇರಿಯಲ್ಲಿ ತೀರ್ಮಾನವಾಗುತ್ತಿತ್ತು. ಇದನ್ನೆಲ್ಲ ಸಾಮಾನ್ಯರಿಗೆ ಅರ್ಥವಾಗುವಂತೆ ಬರೆಯಬೇಕೆಂದು ನನ್ನನ್ನು ಕಳಿಸಿದ್ದರು. ಮೊದಲ ನಾಲ್ಕು ದಿನ ನಾನು ಬಕೆಟ್ಟನ್ನು ತಬ್ಬಿಕೊಂಡು ಮಲಗಿದ್ದೆ. ಐದನೆಯ ದಿನ ಅಂಕಿ ಬರೆದುಕೊಳ್ಳುವವರ ಕೈಗೆ ಮೀನಿನ ಮುಳ್ಳು ಹೊಕ್ಕು ಬಾತುಕೊಂಡಿತು. ಮೀನು ಅಳೆಯುವ ಕೆಲಸದ ಅಳತೆಯಕ್ಕ ನನ್ನ ಕೋಣೆಯ ಬಾಗಿಲಿಗೆ ಬಂದು, ಪೆನ್ಸಿಲನ್ನು ಮುಂದೆ ಚಾಚಿ, "ಎದ್ದು ಬನ್ನಿ. ಕೆಲಸ ಇದ್ರೆ ಹೊಟ್ಟೆ ಸುಮ್ನಿರುತ್ತೆ" ಎಂದರು. ಹಾಗೆ ಉಳಿದ ಮೂವತ್ತಾರು ದಿನ ನಾನು ಅವರ ಎದುರಿಗೆ, ಒಂದು ಉಕ್ಕಿನ ಮೇಜಿನ ಆಚೆ ಬದಿಯಲ್ಲಿ ಕುಳಿತೆ.

ಐವತ್ತನಾಲ್ಕರ ಕುಳ್ಳು ದೇಹ. ಕಾಲುಗಳನ್ನು ಅಗಲಿಸಿ, ಮೊಣಕಾಲನ್ನು ತುಸು ಸಡಿಲ ಬಿಟ್ಟು ನಡೆಯುವ ಅವರ ನಡಿಗೆ ತೂಗಾಡುವ ಹಡಗಿನಲ್ಲಿ ಎಷ್ಟು ಸಹಜವಾಗಿತ್ತೆಂದರೆ, ನಾವೆಲ್ಲ ಗೋಡೆ ಹಿಡಿದು ತಡವರಿಸುವಾಗ ಅವರೊಬ್ಬರೇ ಸಮತಟ್ಟಾದ ಬೇರೊಂದು ನೆಲದ ಮೇಲೆ ಓಡಾಡುತ್ತಿರುವಂತೆ ತೋರುತ್ತಿತ್ತು. ದಡದ ಮೇಲೂ ಅದೇ ನಡಿಗೆ. ಅಲ್ಲಿ ಮಾತ್ರ ಅದು ಬಾತುಕೋಳಿಯದಾಗುತ್ತಿತ್ತು. ಮೈಮೇಲೆ ಕಿತ್ತಳೆ ಬಣ್ಣ ಮಾಸಿ ಇಟ್ಟಿಗೆಯ ಬಣ್ಣಕ್ಕೆ ತಿರುಗಿದ ಒಂದು ರಬ್ಬರ್ ಕೋಟು. ಸೈಕಲ್ ಟ್ಯೂಬಿನ ತೇಪೆಗಳು ಏಳು. ತೋಳಿನ ತುದಿ ಮೀನಿಗೆ ತಾಗದಿರಲೆಂದು ಮೂರು ಬೆರಳಗಲ ಕತ್ತರಿಸಿದ್ದರು. ಇಲಾಖೆ ಕೊಟ್ಟ ಮೂರು ಹೊಸ ಕೋಟುಗಳು ಮಡಿಕೆ ಬಿಚ್ಚದೆ ಕಪಾಟಿನಲ್ಲಿದ್ದವು. ಕಾರಣ ಕೇಳಿದ್ದಕ್ಕೆ, "ಅವುಗಳ ತೋಳು ಯಾರದ್ದೋ" ಎಂದಿದ್ದರು.

ಅವರ ಹಟಗಳಲ್ಲಿ ನನಗೆ ಮೊದಲು ವಿಚಿತ್ರವೆನಿಸಿದ್ದು ಖಾಲಿ ಬಲೆಯ ವಿಷಯದ್ದು. ಬಲೆಯಲ್ಲಿ ಏನೂ ಬರದಿದ್ದರೆ ಮಿಕ್ಕವರು ಮುಖ ತಿರುಗಿಸಿ ಚಹಾಕ್ಕೆ ಹೋಗುತ್ತಿದ್ದರು. ಅಳತೆಯಕ್ಕ ಮಾತ್ರ ಕೋಟು ತೊಟ್ಟು, ಅಳತೆಯ ಹಲಗೆಯನ್ನು ತೊಳೆದು, ಬಲೆಯ ಬಾಲದ ಚೀಲವನ್ನು ಕಣ್ಣುಕಣ್ಣಾಗಿ ಬಿಡಿಸಿ ನೋಡಿ, ನನ್ನೆದುರು ಬಂದು ನಿಂತು, "ಸೊನ್ನೆ. ಅಕ್ಷರದಲ್ಲಿ ಬರೀರಿ" ಎನ್ನುತ್ತಿದ್ದರು. ಏನೂ ಇಲ್ಲದ್ದಕ್ಕೆ ಇಷ್ಟು ಉಪಚಾರವೇಕೆ ಎಂದು ಒಮ್ಮೆ ಕೇಳಿಯೇಬಿಟ್ಟೆ.

"ಖಾಲಿ ಬಿಟ್ರೆ ನಾವು ಹೋಗೇ ಇಲ್ಲ ಅಂತಾಗುತ್ತೆ. ಸೊನ್ನೆ ಅಂದ್ರೆ ಹೋಗಿದ್ವಿ, ನೋಡಿದ್ವಿ, ಇರ್ಲಿಲ್ಲ" ಎಂದರು.

ಈ ಕಟ್ಟುನಿಟ್ಟು ಅವರಿಗೆ ಹುಟ್ಟಿನಿಂದ ಬಂದದ್ದೆಂದು ನಾನು ಭಾವಿಸಿದ್ದೆ. ಹಾಗಲ್ಲವೆಂದು ಅವರೇ ಹೇಳಿದರು, ಒಂದು ಮಧ್ಯಾಹ್ನ, ಕಿವಿಗಲ್ಲು ತೆಗೆಯುತ್ತ, ನನ್ನ ಮುಖ ನೋಡದೆ. ಕೆಲಸಕ್ಕೆ ಸೇರಿದ ಎರಡನೆಯ ವರ್ಷ ಬಿರುಗಾಳಿಯ ದಿನವೊಂದರಲ್ಲಿ, ಬೆರಳು ಮರಗಟ್ಟಿ, ಮೇಜು ಮೇಲೆ ಕೆಳಗೆ ಜಿಗಿಯುತ್ತಿರುವಾಗ, ಬುಟ್ಟಿಯ ತಳದಲ್ಲಿ ಉಳಿದಿದ್ದ ಮೂವತ್ತು ಮೀನುಗಳನ್ನು ಅಳೆಯದೆಯೇ ಅವರು ಉದ್ದ ಬರೆಸಿಬಿಟ್ಟಿದ್ದರಂತೆ. ಎಲ್ಲವೂ ಒಂದೇ ಜಾತಿ, ಹೆಚ್ಚುಕಡಿಮೆ ಒಂದೇ ಗಾತ್ರ, ಯಾರಿಗೆ ಗೊತ್ತಾಗುತ್ತದೆ ಎಂಬ ಧೈರ್ಯ. ಮೂರು ದಿನದ ಮೇಲೆ ಅಂದಿನ ಮುಖ್ಯ ವಿಜ್ಞಾನಿ, ಮಾತು ಕಡಿಮೆಯ ಒಬ್ಬ ಮುದುಕ, ಆ ಹಾಳೆಯನ್ನು ಅವರ ಮುಂದಿಟ್ಟನಂತೆ. ಮೂವತ್ತು ಅಂಕಿಗಳಲ್ಲಿ ಒಂದೂ ಏಳರಲ್ಲಾಗಲಿ ಒಂಬತ್ತರಲ್ಲಾಗಲಿ ಮುಗಿಯುತ್ತಿರಲಿಲ್ಲ. ಮನುಷ್ಯ ಕಲ್ಪಿಸಿಕೊಳ್ಳುವಾಗ ದುಂಡನೆಯ ಅಂಕಿಗಳೇ ನಾಲಿಗೆಗೆ ಬರುವುದು. "ಈ ಮೂವತ್ತು ಮೀನು ಕಡಲಲ್ಲಿ ಹುಟ್ಟಿದ್ದಲ್ಲಮ್ಮ, ನಿನ್ನ ಬಾಯಲ್ಲಿ ಹುಟ್ಟಿದ್ದು" ಎಂದನಂತೆ ಆತ. ಬೈಯಲಿಲ್ಲ, ಮೇಲಕ್ಕೆ ವರದಿ ಕಳಿಸಲಿಲ್ಲ. ಆ ಜಾಗದ ಇಡೀ ಲೆಕ್ಕವನ್ನೇ ಕೆಂಪು ಪೆನ್ಸಿಲಿನಿಂದ ಹೊಡೆದುಹಾಕಿದ. ಅವರು ನಿಜವಾಗಿ ಅಳೆದಿದ್ದ ನೂರಾ ಎಂಬತ್ತು ಮೀನುಗಳೂ ಅದರೊಂದಿಗೇ ಹೋದವು. "ಅವು ಸತ್ತಿದ್ದು ದಂಡ ಆಯ್ತಲ್ಲ, ಅದು ನೋಡಿ" ಎಂದು ಹೇಳಿ, ಕಲ್ಲನ್ನು ಲಕೋಟೆಗೆ ಜಾರಿಸಿ, ಅಳತೆಯಕ್ಕ ಮುಂದಿನ ಮೀನನ್ನು ಕೈಗೆತ್ತಿಕೊಂಡರು.

ನಾನಿದ್ದ ಯಾನದ ಮೂವತ್ತನೆಯ ದಿನ ನಾವು ಮರಳುದಿಬ್ಬ ಎಂದು ಕರೆಯುವ ಆಳ ಕಡಿಮೆಯಿರುವ ನೀರಿಗೆ ಬಂದೆವು. ಹಿಂದೆಲ್ಲ ಬುಟ್ಟಿ ಸಾಲದಂತೆ ಮೀನು ಬರುತ್ತಿದ್ದ ಜಾಗ. ಬಲೆ ಐದು ಸಲ ಇಳಿದು ಐದು ಸಲವೂ ಬರಿದಾಗಿ ಬಂತು. ಮರಿಮೀನಂತೂ ಒಂದೂ ಇಲ್ಲ. ಆರನೆಯ ಜಾಗವನ್ನು ತಲುಪುವಾಗ ಪೂರ್ವಕ್ಕೆ ಒಂದು ನೀಲಿ ದೋಣಿ ಕಾಣಿಸಿತು. ಅದು ಅಳತೆಯಕ್ಕನ ತಮ್ಮನದು. ಅಪ್ಪ ಅಮ್ಮ ಇಲ್ಲದ ಮನೆಯಲ್ಲಿ ಅವನನ್ನು ಎತ್ತಿ ಆಡಿಸಿ ಬೆಳೆಸಿದವರು ಇವರೇ. ಅವನ ಬದುಕೆಲ್ಲ ಆ ದಿಬ್ಬದ ಮೇಲೆಯೇ ನಿಂತಿತ್ತು. ಸ್ವಲ್ಪ ಹೊತ್ತಿಗೆ ಚುಕ್ಕಾಣಿ ಕೋಣೆಯ ರೇಡಿಯೋದಲ್ಲಿ ಅವನ ಧ್ವನಿ ಕೇಳಿಬಂತು: ಇಲ್ಲಿ ಮೀನಿದೆ, ಒಂದೇ ಮೈಲಿ ಪಕ್ಕಕ್ಕೆ ಬಂದು ಬಲೆ ಬಿಡಿ.

ಕಪ್ತಾನರು ಒಳ್ಳೆಯವರು. "ಕಡಲಲ್ಲಿ ಒಂದು ಮೈಲಿ ಯಾವ ಮಹಾ" ಎಂದರು. ಮುಖ್ಯ ವಿಜ್ಞಾನಿಗೆ ಅದು ಮೊದಲ ಯಾನ. ಚಿಕ್ಕ ವಯಸ್ಸು, ಐದು ಸೊನ್ನೆಗಳ ಭಾರ ತಲೆಯ ಮೇಲೆ. ಆತ ನಕ್ಷೆಯನ್ನು ನೋಡಿದರು, ಕಿಟಕಿಯಾಚೆ ನೋಡಿದರು, ಕೊನೆಗೆ, ಯಾವ ಅಧಿಕಾರವೂ ಇಲ್ಲದ ಅಳತೆಯಕ್ಕನ ಕಡೆ ನೋಡಿದರು. ಅವರು ಕೋಟಿನಿಂದ ನೀರು ತೊಟ್ಟಿಕ್ಕುತ್ತಿದ್ದಂತೆಯೇ ಮುಂದೆ ಬಂದು ರೇಡಿಯೋ ತೆಗೆದುಕೊಂಡರು.

"ಅಕ್ಕಾ, ನಾನು ಸುಳ್ಳು ಹೇಳ್ತಿಲ್ಲ. ಬಲೆ ಭಾರ ಆಗಿದೆ. ನೀನೇ ಬಂದು ನೋಡು."

"ಸುಳ್ಳು ಹೇಳ್ತಿಲ್ಲ ಅಂತ ನಂಗೊತ್ತು ಕಣೋ."

"ಮತ್ತೆ?"

"ಮೀನು ಇರೋ ಕಡೆ ಹೋಗೋದು ನಿನ್ನ ಕೆಲಸ. ನಾವು ಚೀಟಿ ಎತ್ತಿದ ಕಡೆ ಹೋಗ್ಬೇಕು. ಊರಲ್ಲಿ ಎಷ್ಟು ಜನ ಇದ್ದಾರೆ ಅಂತ ಎಣಿಸೋಕೆ ಹೊರಟು, ಮದುವೆಮನೆ ಒಂದನ್ನೇ ಎಣಿಸಿಕೊಂಡು ಬಂದ್ರೆ ಆಗುತ್ತಾ?"

ಅವನು ಮೆಲ್ಲಗೆ ಕೇಳಿದ: "ದಿಬ್ಬ ಮುಚ್ಚಿಸಿದ್ರೆ ನಾನೇನು ಮಾಡ್ಲಿ, ಅಕ್ಕಾ?"

"ಗೊತ್ತಿಲ್ಲ" ಎಂದರು ಅಳತೆಯಕ್ಕ. ಆ ನೀರಿನಲ್ಲಿದ್ದ ಎಲ್ಲ ದೋಣಿಗಳಿಗೂ ಈ ಮಾತು ಕೇಳಿಸಿರಬೇಕು.

ಆರನೆಯ ಜಾಗದಲ್ಲಿ ಮೂರು ಏಡಿಗಳೂ ಒಂದು ಚಪ್ಪಟೆ ಮೀನೂ ಬಂದವು. ಮೂವತ್ತೊಂದು ಸೆಂಟಿಮೀಟರ್ ಎಂದರು. ಅದನ್ನು ಹಲಗೆಯಿಂದ ಎತ್ತಿ, ಮತ್ತೆ ಇಟ್ಟು, ಎರಡನೆಯ ಸಲ ಅಳೆದರು. ಒಂದೇ ಮೀನನ್ನು ಅವರು ಎರಡು ಸಲ ಅಳೆದದ್ದನ್ನು ನಾನು ನೋಡಿದ್ದು ಅದೊಂದೇ ಬಾರಿ.

ದಿಬ್ಬದ ಹದಿನಾಲ್ಕು ಜಾಗಗಳೂ ಮುಗಿದ ಸಂಜೆ ಅವರು ಮುಖ್ಯ ವಿಜ್ಞಾನಿಯ ಮೇಜಿನ ಮುಂದೆ ನಿಂತು ಒಂದು ಕೋರಿಕೆ ಇಟ್ಟರು. ಹೊರಡುವ ಮೊದಲೇ ಚೀಟಿ ಎತ್ತಿ, ಅಗತ್ಯ ಬಿದ್ದರೆ ಇರಲೆಂದು ಬರೆದಿಟ್ಟ ಆರು ಹೆಚ್ಚುವರಿ ಜಾಗಗಳು ದಿಬ್ಬದ ಮೇಲಿದ್ದವು. ಅಲ್ಲೂ ಬಲೆ ಬಿಡಬೇಕು ಎಂದರು. ಮನೆಯ ದಾರಿ ಕಾಯುತ್ತಿದ್ದ ಡೆಕ್ಕಿನ ಜನ ಎರಡು ದಿನದ ಕೆಲಸ ಹೆಚ್ಚಾಯಿತೆಂದು ಗೊಣಗಿದರು. ಇಪ್ಪತ್ತಾರು ವರ್ಷದಲ್ಲಿ ಅಕ್ಕ ತನಗಾಗಿ ಕೇಳಿದ್ದು ಇದೊಂದೇ ಎಂದು ಅಡುಗೆಯವರು ಅವರ ಬಾಯಿ ಮುಚ್ಚಿಸಿದರು. ನಿಯಮ ಎಲ್ಲಿಯವರೆಗೆ ಬಿಡುತ್ತದೋ ಅಲ್ಲಿಯ ಕೊನೆಯ ಅಂಗುಲದವರೆಗೂ ಅವರು ತಮ್ಮನಿಗಾಗಿ ಹುಡುಕಿದರು. ಐದು ಜಾಗದಲ್ಲಿ ಸೊನ್ನೆ. ಒಂದರಲ್ಲಿ ನಲವತ್ತಮೂರು ಮೀನು, ಎಲ್ಲವೂ ವಯಸ್ಸಾದವು. ನನ್ನ ಕೈಯಲ್ಲಿ ಅಕ್ಷರದಲ್ಲಿ ಬರೆಸಿದರು.

ದಡದ ಕಚೇರಿಯವರು ದಿಬ್ಬವನ್ನು ಮೀನುಗಾರಿಕೆಗೆ ಮುಚ್ಚಿದರು. ನೀಲಿ ದೋಣಿ ಬಂದರಿನ ಕಟ್ಟೆಯಲ್ಲೇ ನಿಂತುಬಿಟ್ಟಿತು. ತಮ್ಮ, ಹಡಗುಗಳ ತಳಕ್ಕೆ ಹತ್ತಿದ ಚಿಪ್ಪು ಕೆರೆಯುವ ಕೆಲಸಕ್ಕೆ ಬಂದರಿನ ಶೆಡ್ಡಿಗೆ ಸೇರಿಕೊಂಡ. ಅಕ್ಕನೊಡನೆ ಮಾತು ಬಿಟ್ಟ. ಅಳತೆಯಕ್ಕ ದಡದಲ್ಲಿದ್ದ ಪ್ರತಿ ಭಾನುವಾರ ನಾಲ್ಕು ಗಂಟೆಗೆ ಅವನ ಮನೆಗೆ ಹೋಗುತ್ತಿದ್ದರು. "ಬನ್ನಿ ಅತ್ತಿಗೆ" ಎಂದು ಅವನ ಹೆಂಡತಿ ಕುರ್ಚಿ ಎಳೆಯುತ್ತಿದ್ದಳು. ಅವನು ಎದ್ದು ಹಿತ್ತಿಲಿಗೆ ಹೋಗುತ್ತಿದ್ದ. ಇವರು ಅಡುಗೆಮನೆಯಲ್ಲಿ ಒಂದು ಗಂಟೆ ಕುಳಿತು, ತರಕಾರಿ ಹೆಚ್ಚಿಕೊಟ್ಟು, ಐದಕ್ಕೆ ಎದ್ದು ಬರುತ್ತಿದ್ದರು. ಮರುವರ್ಷದ ಯಾನದಲ್ಲೂ ದಿಬ್ಬ ಬರಿದಾಗಿಯೇ ಇತ್ತು. ಭಾನುವಾರಗಳು ತಪ್ಪಲಿಲ್ಲ, ಹಿತ್ತಿಲಿನ ಬಾಗಿಲೂ ತೆರೆಯಲಿಲ್ಲ.

ಆ ದಿನಗಳಲ್ಲೊಮ್ಮೆ ದಾರಿಯಲ್ಲಿ ಸಿಕ್ಕಾಗ, ಸಮಾಧಾನ ಹೇಳುವ ಹುಮ್ಮಸ್ಸಿನಲ್ಲಿ, ನೀವು ಮಾಡಿದ್ದು ಸರಿ, ನಿಮಗೆ ನೆಮ್ಮದಿಯಾಗಿ ನಿದ್ದೆ ಬರುತ್ತದೆ ಎಂದೆ. ಅವರು ನಿಂತು ನನ್ನನ್ನು ದಿಟ್ಟಿಸಿದರು. "ಎಲ್ರೂ ಹಂಗೇ ಅಂದ್ಕೊಂಡಿದ್ದಾರೆ. ಬರಲ್ಲ" ಎಂದರು. ಆಮೇಲೆ, ನನಗೆ ನೋವಾಯಿತೇನೋ ಎಂಬಂತೆ, "ಸರಿಯಾಗಿ ಬರೆದಿದ್ದೀನಿ ಅನ್ನೋದು ನಿಜ. ಅದು ಬೇರೆ, ಇದು ಬೇರೆ" ಎಂದು ಸೇರಿಸಿದರು.

ಮೂರನೆಯ ವರ್ಷ ಹಡಗು ಮರಳಿದ ಬೆಳಿಗ್ಗೆ ನಾನು ಕಟ್ಟೆಯ ಮೇಲಿದ್ದೆ. ದಿಬ್ಬದ ಹನ್ನೊಂದು ಜಾಗಗಳಲ್ಲಿ ಮರಿಮೀನು ಬಂದಿದೆ ಎಂಬ ಸುದ್ದಿ ಹಡಗಿಗಿಂತ ಮೊದಲೇ ದಡ ಸೇರಿತ್ತು. ಅಳತೆಯಕ್ಕ ಚೀಲ ಹೆಗಲಿಗೇರಿಸಿ, ಏಣಿಯಿಳಿದು, ಎಂದಿನ ಆ ಅಗಲ ನಡಿಗೆಯಲ್ಲಿ ಬರುತ್ತಿದ್ದರು. ಶೆಡ್ಡಿನ ಕಡೆಯಿಂದ ತಮ್ಮ ಬಂದು ಅಡ್ಡ ನಿಂತ. ಕೈಯಲ್ಲಿ ಚಿಪ್ಪು ಕೆರೆಯುವ ಉಳಿ ಇನ್ನೂ ಇತ್ತು. ಎರಡು ವರ್ಷದ ಮೇಲೆ ಆಡುವ ಮೊದಲ ಮಾತಿಗೆ ಪೀಠಿಕೆಯೇನೂ ಇರಲಿಲ್ಲ.

"ಎಷ್ಟುದ್ದ ಇದ್ವು?"

"ಹನ್ನೆರಡು. ಕೆಲವು ಹದಿಮೂರು."

"ಹಾಗಾದ್ರೆ ದಿಬ್ಬ ತೆರೆಯೋಕೆ ಇನ್ನೊಂದು ವರ್ಷ."

"ಎರಡು" ಎಂದರು ಅಳತೆಯಕ್ಕ.

ಒಂದು ಎಂದಿದ್ದರೆ ಯಾರ ಗಂಟು ಹೋಗುತ್ತಿತ್ತು ಎಂದು ಪಕ್ಕದಲ್ಲಿದ್ದ ನನಗೆ ಒಳಗೊಳಗೇ ಸಿಟ್ಟು ಬಂತು. ತಮ್ಮ ಅವರನ್ನೇ ನೋಡುತ್ತ ನಿಂತಿದ್ದ. ಅವರೂ ಕಣ್ಣು ತೆಗೆಯಲಿಲ್ಲ. "ಎರಡು ಅಂತೀಯ" ಎಂದು ಅವನು ಕೊನೆಗೆ ತನ್ನಷ್ಟಕ್ಕೆಂಬಂತೆ ಹೇಳಿಕೊಂಡ. ಅವರ ಹೆಗಲಿನಿಂದ ಚೀಲವನ್ನು ಇಳಿಸಿಕೊಂಡು, "ಇವತ್ತು ಭಾನುವಾರ ಅಲ್ಲ, ಆದ್ರೂ ಬಾ" ಎಂದ. ಇಬ್ಬರೂ ಬಂದರಿನ ಗೇಟಿನ ಕಡೆ ನಡೆದುಹೋದರು. ಹಿಂದಿನಿಂದ ನೋಡಿದರೆ ಇಬ್ಬರದೂ ಒಂದೇ ನಡಿಗೆ.

ದಿಬ್ಬ ತೆರೆದದ್ದು ಎರಡು ವರ್ಷಕ್ಕೇ. ನೀಲಿ ದೋಣಿ ಈಗಲೂ ಅಲ್ಲಿಗೆ ಹೋಗುತ್ತದೆ. ಅಳತೆಯಕ್ಕ ನಿವೃತ್ತರಾಗಿದ್ದಾರೆ.

ಇಂಥವರು ಕಡಲಿನಲ್ಲಿ ಮಾತ್ರ ಇರುವುದಿಲ್ಲ. ಆಸ್ಪತ್ರೆಯಲ್ಲಿ ರಕ್ತದ ಹನಿಯನ್ನು ಗಾಜಿನಡಿ ಇಟ್ಟು ನೋಡುವವರಲ್ಲಿ, ಹಳೆಯ ಸೇತುವೆಯ ಬಿರುಕನ್ನು ಗುರುತು ಹಾಕಿಕೊಳ್ಳುವವರಲ್ಲಿ, ಬಾವಿಯ ನೀರನ್ನು ಸೀಸೆಗೆ ತುಂಬಿ ಒಯ್ಯುವವರಲ್ಲಿ ಇಂಥ ಒಬ್ಬರೋ ಇಬ್ಬರೋ ಸಿಕ್ಕೇ ಸಿಗುತ್ತಾರೆ. ತೀರ್ಮಾನ ಅವರ ಕೈಯಲ್ಲಿರುವುದಿಲ್ಲ. ತೀರ್ಮಾನದ ಮುನಿಸು ಮಾತ್ರ ವಿಳಾಸ ಹುಡುಕಿಕೊಂಡು ಅವರ ಮನೆಗೇ ಬರುತ್ತದೆ. ಅವರ ಎದೆ ಕಲ್ಲು ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ, ಏಕೆಂದರೆ ಹಾಗೆ ಹೇಳಿದರೆ ನಮ್ಮ ಸಡಿಲುತನಕ್ಕೆ ಕರುಣೆ ಎಂಬ ಹೆಸರಿಟ್ಟುಕೊಳ್ಳಬಹುದು. ನಾನು ಮೂವತ್ತಾರು ದಿನ ಎದುರಿಗೆ ಕುಳಿತು ಕಂಡದ್ದು ಬೇರೆ. ಬಲೆ ಮೇಲೇರುತ್ತಿದೆ ಎಂದು ರಾಟೆ ಸದ್ದು ಮಾಡಿದಾಗಲೆಲ್ಲ, ಎಲ್ಲರಿಗಿಂತ ಮೊದಲು ಕಟಕಟೆಗೆ ಬಂದು, ಕುಳ್ಳು ಮೈಯನ್ನು ತುದಿಗಾಲಿನ ಮೇಲೆತ್ತಿ, ನೀರಿನೊಳಗೆ ಏನಾದರೂ ಬೆಳ್ಳಗೆ ಮಿನುಗುತ್ತಿದೆಯೇ ಎಂದು ಬಾಗಿ ನೋಡುತ್ತಿದ್ದವರು ಅವರೇ.