ಅಮ್ಮನ ನಿಂಬೆಗಿಡಕ್ಕೆ ಬಿದ್ದ ನೀರು

ನರ್ಸರಿಯಲ್ಲಿ ನನ್ನ ಕೆಲಸ ಗಿಡ ಮಾರುವುದಲ್ಲ, ಮಾರಿದ ಗಿಡಗಳ ದೂರು ಕೇಳುವುದು. ಬಾಗಿಲ ಪಕ್ಕ ಒಂದು ತಗಡಿನ ಮೇಜು, ಭೂತಗನ್ನಡಿ, ಚಾಕು, ಒಂದು ಕುರ್ಚಿ. ಕುರ್ಚಿಯ ಮೇಲೆ ಯಾವಾಗಲೂ ಯಾರದೋ ಕುಂಡ ಕೂತಿರುವುದರಿಂದ ಹದಿನೇಳು ವರ್ಷದಿಂದ ನಾನು ನಿಂತೇ ಇದ್ದೇನೆ. ಜನ ಪ್ಲಾಸ್ಟಿಕ್ ಚೀಲದಲ್ಲಿ ಒಣಗಿದ ಎಲೆ ತಂದು ಸುರಿದು, ನಾನೇ ಕೊಂದವಳು ಅನ್ನುವ ಹಾಗೆ ಮುಖ ನೋಡುತ್ತಾರೆ. ನೀರು ಜಾಸ್ತಿ ಹಾಕಿದಿರಾ ಎಂದರೆ ಇಲ್ಲವೇ ಇಲ್ಲ ಅನ್ನುತ್ತಾರೆ. ಮಣ್ಣು ಹಿಂಡಿದರೆ ಬಕೆಟ್ ತುಂಬುತ್ತದೆ. ಇಷ್ಟು ಸುಳ್ಳನ್ನು ಜನ ಡಾಕ್ಟರ ಮುಂದೆಯೂ ಹೇಳಲಿಕ್ಕಿಲ್ಲ.

ಹಾಗಾಗಿ ನಾನು ಅವರ ಬಾಯಿಗಿಂತ ನನ್ನ ಮೂಗನ್ನು ನಂಬುತ್ತೇನೆ. ಬೇರು ಕೊಳೆತಿದ್ದರೆ ಕುಂಡ ಮೇಜಿಗೆ ಬರುವ ಮೊದಲೇ ನನಗೆ ಗೊತ್ತಾಗುತ್ತದೆ. "ನಮ್ಮಲ್ಲಿ ಲ್ಯಾಬ್ ಇಲ್ಲ, ಇವರ ಮೂಗಿದೆ" ಎಂದು ಯಜಮಾನರು ಗಿರಾಕಿಗಳನ್ನು ನಗಿಸುತ್ತಾರೆ. ಮೊದಮೊದಲು ನಾನೂ ನಗುತ್ತಿದ್ದೆ.

ಮನೆಯಲ್ಲಿ ಈ ಮೂಗಿಗೆ ಹೆದರುವವನು ನನ್ನ ತಮ್ಮ. ಹದಿನಾಲ್ಕನೇ ವಯಸ್ಸಿನಲ್ಲಿ ಅವನು ಸೇದಿದ ಮೊದಲ ಸಿಗರೇಟನ್ನು ನಾನು ಎರಡು ಮಹಡಿ ಕೆಳಗಿನ ಮೆಟ್ಟಿಲಲ್ಲೇ ಹಿಡಿದಿದ್ದೆ. ಈಗ ಅವನಿಗೆ ಮೂವತ್ತೆಂಟು. ನೆಲಕ್ಕೆ ಟೈಲ್ಸ್ ಕೂರಿಸುತ್ತಿದ್ದ. ಮಂಡಿ, ಬೆನ್ನು ಎರಡೂ ಕೈಕೊಟ್ಟ ಮೇಲೆ ನೋವಿಗೆಂದು ಗಾಂಜಾ ಹಿಡಿದ, ನೋವಿಲ್ಲದ ದಿನವೂ ಬಿಡಲಿಲ್ಲ. ಹೆಂಡತಿ ಬಿಟ್ಟುಹೋದಳು. ಎಲ್ಲೋ ಬಿದ್ದಿದ್ದಾನೆ ಎಂದು ಫೋನ್ ಬರುವುದು, ನಾನು ಅರ್ಧ ಕೆಲಸ ಬಿಟ್ಟು ಓಡುವುದು, ಇದೇ ಆಯಿತು ಮೂರು ವರ್ಷ. ಹೋದ ವರ್ಷ ಒಂದು ಬ್ಯಾಗ್ ಹಿಡಿದು ನಮ್ಮ ಬಾಗಿಲಿಗೆ ಬಂದ. ಬ್ಯಾಗಿನಲ್ಲಿ ನಾಲ್ಕು ಅಂಗಿ, ಟವೆಲ್ ಸುತ್ತಿದ ಒಂದು ಗಾಜಿನ ಬಾಂಗ್. ತಳದಲ್ಲಿ ನೀರು ತುಂಬಿ, ಆ ನೀರಿನ ಮೂಲಕ ಗಾಂಜಾದ ಹೊಗೆಯನ್ನು ಗುಳುಗುಳು ಎಂದು ಎಳೆಯುವ ಕೊಳವೆ ಅದು. ಅವನ ಕಣ್ಣೆದುರೇ ಕಸದ ತೊಟ್ಟಿಗೆ ಹಾಕಿದೆ.

"ಇನ್ನೊಂದ್ಸಲ ಇದು ನನ್ನ ಮೂಗಿಗೆ ಬಿತ್ತೋ, ಅವತ್ತೇ ನಿನ್ನ ಬ್ಯಾಗು ಹೊರಗೆ. ಅಮ್ಮ ಅತ್ರೂ ಕೇಳಲ್ಲ" ಎಂದೆ.

ಅವನು ತಲೆಯಾಡಿಸಿದ. ಅಮ್ಮ ವಾಕರ್ ಹಿಡಿದು ನಿಂತು ಕೇಳಿಸಿಕೊಂಡಳು. ನಾನು ಸಿಟ್ಟಿನ ಭರದಲ್ಲಿ ಆಡಿದ ಮಾತಲ್ಲ ಅದು, ಸಾಕಾಗಿ ಆಡಿದ್ದು. ಸಾಕಾಗಿ ಆಡಿದ ಮಾತನ್ನು ನಾನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ ಅಂತ ಇಬ್ಬರಿಗೂ ಗೊತ್ತು.

ಒಂದು ವರ್ಷ ಯಾವ ತಕರಾರೂ ಇಲ್ಲದೆ ಕಳೆಯಿತು. ಹಗಲು ಅಮ್ಮನನ್ನು ನೋಡಿಕೊಳ್ಳುತ್ತಿದ್ದವನು ಅವನೇ. ತೊಂದರೆ ಕೊಟ್ಟಿದ್ದೆಂದರೆ ನಿಂಬೆಗಿಡ. ಒಂಬತ್ತು ವರ್ಷದ ಹಿಂದೆ ಅಮ್ಮ ಹಿಂಡಿ ಬಿಸಾಡಿದ ಹಣ್ಣಿನ ಬೀಜವೊಂದನ್ನು ಕುಂಡಕ್ಕೆ ಒತ್ತಿ ಬೆಳೆಸಿದ್ದು. ಬಾಲ್ಕನಿಯಲ್ಲಿ ನನ್ನೆತ್ತರ ಬೆಳೆದು, ಈ ವರ್ಷ ಮೊದಲ ಸಲ ಏಳು ಕಾಯಿ ಬಿಟ್ಟಿತ್ತು. ಅಮ್ಮ ದಿನಾ ಬೆಳಿಗ್ಗೆ ವಾಕರ್ ತಳ್ಳಿಕೊಂಡು ಹೋಗಿ ಅವನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ಎಣಿಸುತ್ತಿದ್ದಳು. ಎರಡು ತಿಂಗಳಿಂದ ಎಲೆಯಂಚು ಸುಟ್ಟ ಹಾಗಾಯಿತು, ಕಾಯಿ ಒಂದೊಂದಾಗಿ ಉದುರಿ ಎರಡು ಉಳಿದವು. ಗೊಬ್ಬರ ಕೊಟ್ಟೆ, ಗೊಬ್ಬರ ನಿಲ್ಲಿಸಿದೆ, ಬಿಸಿಲಿಗೆ ಸರಿಸಿದೆ, ನೆರಳಿಗೆ ಎಳೆದೆ. ಕಂಡವರ ಗಿಡಕ್ಕೆಲ್ಲ ಮದ್ದು ಹೇಳುವವಳಿಗೆ ನಮ್ಮನೆ ಗಿಡದ ಕಾಯಿಲೆ ತಿಳಿಯಲಿಲ್ಲ. ಅಮ್ಮ ಕುಂಡದ ತುಂಬ ಬಳಸಿದ ಟೀಪುಡಿ ಹರಡುತ್ತಿದ್ದಳು. ಎರಡು ಬೆರಳು ದಪ್ಪ. ಮುದುಕಿಯ ಹುಚ್ಚು ಅಂತ ಬಿಟ್ಟಿದ್ದೆ.

ಮೊನ್ನೆ ಮಧ್ಯಾಹ್ನ ಟೈ ಕಟ್ಟಿದವನೊಬ್ಬ ನನ್ನ ಮೇಜಿಗೆ ಪೇಪರಿನಲ್ಲಿ ಸುತ್ತಿದ ಕುಂಡ ತಂದ. ಎಲೆಯಂಚೆಲ್ಲ ಕಂದು, ಮಣ್ಣಿನ ಮೇಲೆ ಬೂದುಬಣ್ಣದ ಹೊಪ್ಪಳೆ, ಸಣ್ಣ ನೊಣ. ಪೇಪರ್ ಬಿಚ್ಚುವ ಮೊದಲೇ ನನಗೆ ಗೊತ್ತಾಗಿತ್ತು. ಒದ್ದೆ ಆಶ್‌ಟ್ರೇಯ ವಾಸನೆ.

"ಇದಕ್ಕೆ ಏನು ಹಾಕ್ತಿದ್ದೀರಿ?"

ಅವನು ಅತ್ತಿತ್ತ ನೋಡಿ ದನಿ ತಗ್ಗಿಸಿದ. "ನಾನಲ್ಲ, ನನ್ನ ಫ್ರೆಂಡು. ಬಾಂಗ್ ಗೊತ್ತಲ್ಲ? ಅದರ ನೀರು. ಅದೂ ಎಲೆ ಸುಟ್ಟ ಬೂದಿನೇ ತಾನೆ, ಗೊಬ್ಬರ ಆಗುತ್ತೆ ಅಂತ ಅವನು..."

"ನಿಮ್ಮ ಫ್ರೆಂಡಿಗೆ ಹೇಳಿ, ಬೂದಿ ಹೌದು, ಜೊತೆಗೆ ಟಾರೂ ಹೌದು. ಬೂದಿ ಮಣ್ಣಿನ ಹುಳಿ ತೆಗೆಯುತ್ತೆ, ಟಾರು ಬೇರಿಗೆ ಅಂಟಿಕೊಳ್ಳುತ್ತೆ, ಹಳಸಿದ ನೀರಿಗೆ ಬೂಷ್ಟು ಬರುತ್ತೆ. ಅಪರೂಪಕ್ಕೆ ಒಂದು ಲೋಟ ಬಿದ್ರೆ ಗಿಡ ಸಾಯಲ್ಲ. ದಿನಾ ಸುರಿದ್ರೆ ಸಾಯುತ್ತೆ. ತಿನ್ನೋ ಗಿಡಕ್ಕಂತೂ ಒಂದು ತೊಟ್ಟೂ ಬೇಡ. ಮೊದಲು ಎಲೆಯಂಚು ಸುಡುತ್ತೆ, ಆಮೇಲೆ ಕಾಯಿ..."

ಅಲ್ಲಿಗೆ ನನ್ನ ಮಾತು ನಿಂತಿತು. ಟೈ ಕಟ್ಟಿದವನು ಇನ್ನೂ ಏನೋ ಕೇಳುತ್ತಿದ್ದ. ನಾನು ಕೈ ತೊಳೆದು, ಯಜಮಾನರಿಗೆ ತಲೆನೋವು ಅಂತ ಹೇಳಿ ಬಸ್ ಹತ್ತಿದೆ.

ಮನೆಯಲ್ಲಿ ತಮ್ಮ ಸೋಫಾದ ಮೇಲೆ ಬಾಯಿ ತೆರೆದು ನಿದ್ದೆ ಹೋಗಿದ್ದ. ಟಿವಿ ತನ್ನ ಪಾಡಿಗೆ ಓಡುತ್ತಿತ್ತು. ಚಪ್ಪಲಿ ಸಮೇತ ಬಾಲ್ಕನಿಗೆ ಹೋಗಿ ಕುಂಡದ ಟೀಪುಡಿಯನ್ನು ಕೈಯಿಂದ ಬದಿಗೆ ಸರಿಸಿದೆ. ಅಡಿಯಲ್ಲಿ ಅದೇ ಬೂದು ಹೊಪ್ಪಳೆ, ಅದೇ ವಾಸನೆ. ನನಗೆ ಸಿಟ್ಟು ಕೂಡ ಬರಲಿಲ್ಲ. ಕೋಣೆಗೆ ಹೋಗಿ ಕಪಾಟಿನ ಮೇಲಿಂದ ಅವನ ಬ್ಯಾಗ್ ಇಳಿಸಿ, ಅವನ ಅಂಗಿಗಳನ್ನು ಒಂದೊಂದಾಗಿ ತುಂಬತೊಡಗಿದೆ.

ವಾಕರ್ ಸದ್ದು ಬಾಗಿಲಲ್ಲಿ ನಿಂತಿತು. "ಅವನ ಬ್ಯಾಗ್ ಯಾಕೆ ತೆಗೆದೆ?" ಎಂದಳು ಅಮ್ಮ.

"ನಿನ್ನ ಗಿಡಕ್ಕೆ ಏನು ಸುರೀತಿದ್ದಾನೆ ಗೊತ್ತಾ ನಿಂಗೆ?"

"ಅವನಲ್ಲ ಸುರಿದಿದ್ದು. ನಾನು."

ನನ್ನ ಕೈಯಲ್ಲಿ ಅವನ ನೀಲಿ ಅಂಗಿ ಹಾಗೇ ಉಳಿಯಿತು. ಅಮ್ಮನಿಗೆ ನೆಲ ಬಿಟ್ಟು ಬೇರೆ ಕಡೆ ನೋಡಲಾಗಲಿಲ್ಲ. ನಾನೂ ನೆಲ ನೋಡಿದೆ. ಬಚ್ಚಲಿಂದ ಬಾಲ್ಕನಿವರೆಗೆ ವಾಕರಿನ ಚಕ್ರ ಉಜ್ಜಿದ ಎರಡು ಗೆರೆ, ನಡುವೆ ಉದ್ದಕ್ಕೂ ಇನ್ನೂ ಒರೆಸದ ಕಂದು ಹನಿಗಳು. ಒಂದು ಲೋಟ ನೀರು ತರಲು ನನ್ನನ್ನು ಕೂಗುವ ಅಮ್ಮ, ಒಂದು ಕೈಯಲ್ಲಿ ವಾಕರ್, ಇನ್ನೊಂದರಲ್ಲಿ ಆ ಕೊಳಕು ನೀರು ಹಿಡಿದು ಇಷ್ಟು ದೂರ ನಡೆದಿದ್ದಳು.

"ಬಚ್ಚಲಲ್ಲಿ, ಬಕೆಟ್ ಹಿಂದೆ ಇಡ್ತಾನೆ" ಎಂದಳು. "ಬಾಟಲಿ ಕೊರೆದು ಅಂಥದ್ದೇ ಇನ್ನೊಂದನ್ನ ತಾನೇ ಮಾಡ್ಕೊಂಡಿದ್ದಾನೆ. ನೀನು ಕೆಲಸಕ್ಕೆ ಹೋದ್ಮೇಲೆ ಬಾಲ್ಕನೀಲಿ ನಿಂತು ಸೇದ್ತಾನೆ. ಸಂಜೆ ಹೊತ್ತಿಗೆ ಗಾಳಿ ಆಡಿರುತ್ತೆ, ಸ್ನಾನ ಮಾಡಿ ಅಂಗಿ ಬದಲಿಸಿರ್ತಾನೆ, ಆದ್ರೆ ಆ ನೀರು ಹಾಗೇ ನಿಂತಿರುತ್ತೆ. ಮೊದಲ ಸಲ ಬಚ್ಚಲಿಗೇ ಸುರಿದೆ. ನೀನು ಬಂದವಳೇ ಏನದು ವಾಸನೆ ಅಂದೆ."

"ಪೈಪಲ್ಲಿ ಇಲಿ ಸತ್ತಿದೆ ಅಂದಿದ್ದೆ ನೀನು. ನಾನು ಪ್ಲಂಬರನ್ನ ಕರೆಸಿದ್ದೆ."

"ಹೂಂ. ಪಾಪ, ಎಷ್ಟು ಹುಡುಕಿದ. ಅವತ್ತಿಂದ ಗಿಡಕ್ಕೆ ಹಾಕಿ ಮೇಲೆ ಟೀಪುಡಿ ಮುಚ್ತಿದ್ದೆ."

"ನೀನು ಆ ನೀರು ಚೆಲ್ಲಿ ಬಾಟಲಿ ತೊಳೀತಿದ್ದೀಯ ಅಂತ ಅವನಿಗೆ ಗೊತ್ತಾ?"

"ನೀನೇ ತೊಳೆದಿಡ್ತಿದ್ದೀಯ ಅಂದ್ಕೊಂಡಿದ್ದಾನೆ. ಅಕ್ಕ ಬಾಯಲ್ಲಿ ಬೈದ್ರೂ ಒಳಗೆ ಮರುಗ್ತಾಳೆ, ಗೊತ್ತಿದ್ದೂ ಸುಮ್ಮನಿದ್ದಾಳೆ ಅಂತ ಒಂದಿನ ನನ್ನ ಮುಂದೆ ಅತ್ತ. ನಾನು ಅಲ್ಲ ಅನ್ನಲಿಲ್ಲ."

ಮಂಚದ ಅಂಚಿಗೆ ಕೂತೆ. ನನ್ನ ಬಗ್ಗೆ ಇಷ್ಟು ಒಳ್ಳೆಯ ಮಾತನ್ನು ಯಾರೂ ಆಡಿರಲಿಲ್ಲ, ಅದೂ ಸುಳ್ಳು. ನಾಚಿಕೆಯಾಯಿತು.

"ಗಿಡ ಸಾಯ್ತಿದೆ ಅಂತ ಕಾಣಲಿಲ್ವಾ ನಿಂಗೆ?"

"ಕಾಣದೆ ಏನು? ದಿನಾ ಎಣಿಸೋಳು ನಾನೇ. ಹೋದ್ರೆ ಹೋಗಲಿ ಅಂದ್ಕೊಂಡೆ. ಗಿಡ ತಾನೆ. ಇವನನ್ನ ಹೊರಗೆ ಹಾಕಿದ್ರೆ ಎಲ್ಲಿಗೆ ಹೋಗ್ತಾನೆ, ನೀನೇ ಹೇಳು."

ನಾನು ಎದ್ದೆ. ಬಾಲ್ಕನಿಗೆ ಹೋಗಿ ಉಳಿದಿದ್ದ ಎರಡು ಕಾಯಿಗಳನ್ನು ಚಾಕುವಿನಿಂದ ಕತ್ತರಿಸಿ ಕಸಕ್ಕೆ ಹಾಕಿದೆ. ತಿನ್ನುವ ಹಾಗಿರಲಿಲ್ಲ. ಅಮ್ಮ ಬಾಗಿಲಲ್ಲಿ ನಿಂತು ನೋಡಿದಳು. ಗಿಡ ಕಿತ್ತು ಬೇರು ತೊಳೆದೆ. ಅರ್ಧಕ್ಕರ್ಧ ಕಪ್ಪಾಗಿತ್ತು, ಇನ್ನರ್ಧ ಬೆಳ್ಳಗೆ ಉಳಿದಿತ್ತು. ಸದ್ದಿಗೆ ಎದ್ದ ತಮ್ಮ ಬೆನ್ನು ಹಿಡಿದುಕೊಂಡು ಬಂದ.

"ಇವತ್ತು ಬೇಗ ಬಂದ್ಯಾ ಅಕ್ಕಾ?" ಎಂದವನು, ನಾನು ಉತ್ತರ ಕೊಡುವ ಮೊದಲೇ ಮಣ್ಣಿನ ಚೀಲ ಎಳೆದು ತಂದು ಪಕ್ಕದಲ್ಲಿ ಕುಕ್ಕರಿಸಿದ. ಬಾಗಲು ಆಗದವನು ಬಾಗಿ, ನಾನು ಗಿಡವನ್ನು ನೆಟ್ಟಗೆ ಹಿಡಿದಿರುವಷ್ಟು ಹೊತ್ತೂ ಎರಡೂ ಕೈಯಿಂದ ಹೊಸ ಮಣ್ಣು ತುಂಬಿದ. ಟೈಲ್ಸ್ ಕೂರಿಸಿದ ಕೈ, ಸುತ್ತಲೂ ಸಮವಾಗಿ ಒತ್ತಿತು. ಅವನ ಅಂಗಿಯಲ್ಲಿ ಆ ವಾಸನೆ ಇತ್ತು.

ಅವನು ಕೈ ತೊಳೆಯಲು ಅಡುಗೆಮನೆಗೆ ಹೋದ ಮೇಲೆ ನಾನು ಅಂಗಿಗಳನ್ನು ಮತ್ತೆ ಕಪಾಟಿಗೆ ಜೋಡಿಸಿ, ಬ್ಯಾಗನ್ನು ಮೇಲಕ್ಕೆ ಎತ್ತಿಟ್ಟೆ. ಅಮ್ಮ ಹಿಂದೆಯೇ ಬಂದು ನಿಂತಿದ್ದಳು.

"ನಾಳೆಯಿಂದ ಆ ನೀರನ್ನ ಬಚ್ಚಲಿಗೇ ಸುರಿ" ಎಂದೆ. "ಗಿಡದವರೆಗೆ ನಡೀಬೇಡ. ಬಿದ್ದು ಗಿದ್ದೀಯ."

"ನಿನ್ನ ಮೂಗಿಗೆ ಬೀಳಲ್ವಾ?"

"ನಂಗೆ ನೆಗಡಿ ಆಗಿದೆ ಅಮ್ಮಾ."

ಅಮ್ಮ ನನ್ನ ಮುಖವನ್ನೇ ನೋಡಿದಳು. "ಯಾವಾಗಿಂದ?"

"ಇವತ್ತಿಂದ" ಎಂದೆ.