ಹದಿನೆಂಟು ಹೆಸರಿಗೆ ಒಂದೇ ಉಸಿರು

ವರ್ಷಕ್ಕೊಮ್ಮೆ ಸ್ಲ್ಯಾಬ್ ಫ್ಯಾಕ್ಟರಿಗೆ ಉಸಿರು ಅಳೆಯುವವರು ಬರುತ್ತಿದ್ದರು. ದೊಡ್ಡಬಳ್ಳಾಪುರದ ಕೈಗಾರಿಕಾ ಪ್ರದೇಶದಲ್ಲಿ ಅಡುಗೆಮನೆಯ ಕಟ್ಟೆಗೆ ಹಾಸುವ ಕೃತಕ ಕಲ್ಲನ್ನು ಕೊಯ್ದು, ಅಂಚು ತಿಕ್ಕಿ, ಹೊಳಪು ಕೊಟ್ಟು ಕಳಿಸುವ ಫ್ಯಾಕ್ಟರಿ ಅದು. ದೇವನಹಳ್ಳಿ ಕಡೆ ಎದ್ದಿರುವ ವಿಲ್ಲಾಗಳ ಯಜಮಾನಿಯರಿಗೆ ಅರಿಶಿನ ಚೆಲ್ಲಿದರೂ ಕಲೆಯಾಗದ ಕಲ್ಲೇ ಬೇಕು. ಆ ಕಲ್ಲು ಕೊಯ್ಯುವಾಗ ಏಳುವ ಧೂಳು ಯಾರಿಗೂ ಬೇಡ. ಹಾಗಾಗಿ ಅದು ಕೊಯ್ಯುವವರ ಪಾಲಿಗೆ ಬರುತ್ತಿತ್ತು. ಸಂಜೆ ಐದೂವರೆಗೆ ಶೆಡ್ಡಿನಿಂದ ಹೊರಬರುವ ಹದಿನೆಂಟು ಜನರಲ್ಲಿ ಯಾರು ಅಪ್ಪ, ಯಾರು ಮಗ ಎಂದು ತಲೆಗೂದಲು ನೋಡಿ ಹೇಳುವಂತಿರಲಿಲ್ಲ. ಎಲ್ಲರೂ ಎಂಬತ್ತು ದಾಟಿದವರಂತೆ ಕಾಣುತ್ತಿದ್ದರು.

ಉಸಿರು ಅಳೆಯುವುದೆಂದರೆ ಘನಕಾರ್ಯವೇನಲ್ಲ. ಬೆಂಗಳೂರಿನ ಯಾವುದೋ ಏಜೆನ್ಸಿಯವನು ಲ್ಯಾಪ್‌ಟಾಪು, ಪುಟ್ಟ ಯಂತ್ರ ತಂದು ಊಟದ ಕೋಣೆಯಲ್ಲಿ ಕೂರುತ್ತಿದ್ದ. ರಟ್ಟಿನ ಕೊಳವೆ ಬಾಯಿಗಿಟ್ಟು ಎದೆಯಲ್ಲಿರುವುದನ್ನೆಲ್ಲ ಒಂದೇ ಸಲ ಊದಬೇಕು. ಯಂತ್ರ ಇಷ್ಟು ಲೀಟರ್ ಎಂದು ಚೀಟಿ ಕೊಡುತ್ತದೆ. ಮೊದಲ ವರ್ಷ ಮುನಿರಾಜು ಎಂಬುವನು ಪ್ರಾಮಾಣಿಕವಾಗಿ ಊದಿ, ಎರಡು ಲೀಟರ್ ದಾಟಲಾಗದೆ ಕೆಮ್ಮುತ್ತಾ ಕೂತ. ಮಾರನೆಯ ವಾರವೇ ಸೂಪರ್‌ವೈಸರ್ ಅಂಬರೀಶ್ ಅವನ ಹೆಗಲ ಮೇಲೆ ಕೈಯಿಟ್ಟು, "ಸ್ವಲ್ಪ ದಿನ ರೆಸ್ಟ್ ತಗೋ ಗುರು" ಅಂದ. ಆ ರೆಸ್ಟು ಇನ್ನೂ ಮುಗಿದಿಲ್ಲ.

ಅದನ್ನು ಕಂಡ ಮೇಲೆ ಉಳಿದವರಿಗೆ ಬುದ್ಧಿ ಬಂತು, ಬರಬಾರದ ಬುದ್ಧಿ. ಮುಂದಿನ ವರ್ಷದಿಂದ ಎಲ್ಲರ ಪರವಾಗಿ ಊದಲು ಕಾಂತರಾಜುವನ್ನು ಗೊತ್ತುಮಾಡಿದರು.

ಕಾಂತರಾಜು ತೂಬಗೆರೆಯವನು, ಫ್ಯಾಕ್ಟರಿಯಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದ. ವಯಸ್ಸು ನಲವತ್ತಕ್ಕೆ ಒಂದು ಕಮ್ಮಿ, ಎದೆ ಮಾತ್ರ ಇಬ್ಬರದ್ದು. ಹುಡುಗನಾಗಿದ್ದಾಗ ಕಬಡ್ಡಿಯಲ್ಲಿ ಅವನ ಒಂದು ಉಸಿರು ಮುಗಿಯುವಷ್ಟರಲ್ಲಿ ಎದುರಿನವರಿಗೆ ಆಕಳಿಕೆ ಬರುತ್ತಿತ್ತಂತೆ. ಇದನ್ನು ಹೇಳಿದವನು ಕಾಂತರಾಜುವೇ ಆದ್ದರಿಂದ ನಾವು ಅರ್ಧ ನಂಬಿದರೆ ಸಾಕು. ಆದರೆ ಯಂತ್ರ ಸುಳ್ಳು ಹೇಳಲಿಲ್ಲ. ಮೊದಲ ಸಲ ಊದಿದಾಗಲೇ ನಾಲ್ಕು ಪಾಯಿಂಟ್ ಆರು ಲೀಟರ್.

ಆ ವರ್ಷ ಅವನು ಹೆಸರಿಗೊಂದು ಅಂಗಿ, ಹೆಸರಿಗೊಂದು ಟೋಪಿ ಬದಲಿಸಿ ಒಳಗೆ ಹೋದ. ಏಳನೆಯ ಹೆಸರಿಗೆ ಏಜೆನ್ಸಿಯವನು ತಲೆಯೆತ್ತಿ ನೋಡಿ, "ಅಣ್ಣ, ಸುಮ್ನೆ ಇಲ್ಲೇ ಕೂತ್ಕೊಳಿ, ಹೆಸ್ರು ನಾನ್ ಚೇಂಜ್ ಮಾಡ್ಕೋತೀನಿ. ನಂಗೂ ಹೊಸಕೋಟೆಗೆ ಹೋಗೋದೈತೆ" ಅಂದ. ಅಂಬರೀಶ್ ಬಾಗಿಲಲ್ಲಿ ನಿಂತು ಮೊಬೈಲಿನಲ್ಲಿ ಏನೋ ಬಹಳ ಮುಖ್ಯವಾದದ್ದನ್ನು ನೋಡುತ್ತಿದ್ದ. ಕಾಂತರಾಜು ನಡುನಡುವೆ ಬಾಳೆಹಣ್ಣು ತಿಂದು, ಮಜ್ಜಿಗೆ ಕುಡಿದು, ಎರಡು ದಿನದಲ್ಲಿ ಹದಿನೆಂಟು ಹೆಸರು ಮುಗಿಸಿದ. ಐದಡಿಯ ಪಿಳ್ಳಣ್ಣನಿಗೆ ಆಗಲೇ ಐವತ್ತೇಳು. ಅವನ ವಯಸ್ಸು, ಎತ್ತರಕ್ಕೆ ಇರಬೇಕಾದ್ದಕ್ಕಿಂತ ಹೆಚ್ಚುಕಮ್ಮಿ ಎರಡು ಪಟ್ಟು ಉಸಿರಿದೆ ಎಂದು ಯಂತ್ರ ಬರೆದುಕೊಟ್ಟಿತು. ಪಿಳ್ಳಣ್ಣ ಆ ಚೀಟಿಯನ್ನು ಮನೆಗೆ ಒಯ್ದು ಹೆಂಡತಿಗೆ ತೋರಿಸಿ, ಒಂದು ವಾರ ಮೀಸೆ ತಿರುವಿಕೊಂಡು ಓಡಾಡಿದ. ಕಾಂತರಾಜುವಿಗೆ ಎಲ್ಲರೂ ಸೇರಿ ಬಿರಿಯಾನಿ ಕೊಡಿಸಿದರು. ಮೂರು ವರ್ಷ ಹೀಗೇ ನಡೆಯಿತು.

ತನಗೆ ಧೂಳಿನ ಕಾಟವಿಲ್ಲ ಎಂದೇ ಕಾಂತರಾಜು ನಂಬಿದ್ದ. ಧೂಳೇನಿದ್ದರೂ ಕೊಯ್ಯುವವರದ್ದು, ತಾನು ಮೇಲೆ ಸೀಟಿನಲ್ಲಿ ಕೂತವನು ಎಂಬುದು ಅವನ ವಾದ. ಆದರೆ ಸಂಜೆ ಕೆಲಸ ಬಿಟ್ಟ ಮೇಲೆ ಕಂಪ್ರೆಸರ್ ಪೈಪು ಹಿಡಿದು, ಸಾಲಾಗಿ ನಿಂತವರ ಬಟ್ಟೆ, ತಲೆ, ಕಿವಿಸಂದಿಯ ಧೂಳನ್ನೆಲ್ಲ ಗಾಳಿಯಲ್ಲಿ ಹಾರಿಸುತ್ತಿದ್ದವನೂ ಅವನೇ. ಹಾರಿದ್ದು ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಕೇಳಲಿಲ್ಲ, ಅವನಂತೂ ಕೇಳುವ ಪೈಕಿಯೇ ಅಲ್ಲ.

ಮೂರನೆಯ ಸಲ ಊದಿದ ತಿಂಗಳಲ್ಲೇ ಗೋವಿಂದರಾಜು ಬಿದ್ದ. ಕಾಂತರಾಜುವಿನ ತಂಗಿ ಅನಸೂಯಳ ಗಂಡ. ಅವನನ್ನು ಕಲ್ಲು ಕೊಯ್ಯುವ ಕೆಲಸಕ್ಕೆ ಸೇರಿಸಿದವನು ಕಾಂತರಾಜುವೇ. ಈಗ ಏಳು ತಿಂಗಳಿಂದ ಮನೆಯಲ್ಲಿದ್ದಾನೆ. ಮಂಚದಿಂದ ಬಚ್ಚಲಿಗೆ ಹೋಗಬೇಕಾದರೆ ನಡುವೆ ಎರಡು ಸಲ ಕೂರಬೇಕು. ಎದೆಯಲ್ಲಿ ಕಲ್ಲಿನ ಧೂಳು ಕೂತಿದೆ ಎಂದರು ಬೆಂಗಳೂರಿನ ದೊಡ್ಡಾಸ್ಪತ್ರೆಯ ಡಾಕ್ಟರು. ಕೆಲಸದಿಂದ ಬಂದ ಕಾಯಿಲೆ ಎಂದು ಕಾರ್ಮಿಕರ ಪರಿಹಾರ ತೀರ್ಮಾನಿಸುವ ಕಮಿಟಿ ಒಪ್ಪಿದರೆ ಮನೆಗೇ ಆಕ್ಸಿಜನ್ ಯಂತ್ರ ಕೊಡುತ್ತಾರೆ. ಒಪ್ಪದಿದ್ದರೆ ಉಸಿರು ಸಿಕ್ಕಿಕೊಂಡಾಗಲೆಲ್ಲ ತೂಬಗೆರೆಯಿಂದ ಬೆಂಗಳೂರಿಗೆ ಓಡಬೇಕು. ಹೋದ ತಿಂಗಳು ಹಾಗೆ ಓಡುವಾಗ ದಾರಿಯಲ್ಲೇ ಅವನ ತುಟಿ ನೀಲಿಗಟ್ಟಿತ್ತು.

ಕಮಿಟಿ ಫ್ಯಾಕ್ಟರಿಯನ್ನು ಕೇಳಿತು. ಫ್ಯಾಕ್ಟರಿ ಬಹಳ ವಿನಯದಿಂದ ಕಾಗದ ಬರೆಯಿತು.

ಒಂದು ಭಾನುವಾರ ಅನಸೂಯ ಆ ಕಾಗದವನ್ನು ಅಣ್ಣನ ಮುಖಕ್ಕೆ ಹಿಡಿದಳು. "ನೋಡಣ್ಣ ಇದನ್ನ. ಕೆಲ್ಸದಲ್ಲಿ ಇರೋವಾಗ ಇವ್ರ ಉಸ್ರು ಒಳ್ಳೆ ಓಟಗಾರನ್ ಥರ ಇತ್ತಂತೆ, ಬಿಟ್ ಮೇಲೆ ಏನ್ ಬಂತೋ ನಮಗ್ ಗೊತ್ತಿಲ್ಲ ಅಂತ ಬರ್ದವ್ರೆ. ಹೋದ್ ವರ್ಷ ಮೂರು ಪಾಯಿಂಟ್ ಏಳು ಲೀಟ್ರಂತೆ! ಹೋದ್ ವರ್ಷನೇ ಇವ್ರು ನೀರಿನ್ ಬಿಂದಿಗೆ ಎತ್ತಕ್ಕಾಗ್ದೆ ಕೂತ್ಕಂಬಿಡೋರು. ಯಾರ ಉಸ್ರು ಬರ್ದವ್ರೆ ಇದ್ರಲ್ಲಿ?"

ಗೋವಿಂದರಾಜು ಗೋಡೆ ಕಡೆ ತಿರುಗಿಕೊಂಡ. ಕಾಂತರಾಜುವಿಗೆ ತಿರುಗಲು ಗೋಡೆಯಿರಲಿಲ್ಲ.

"ನಂದು ಕಣಮ್ಮ" ಅಂದ.

ಅನಸೂಯಳಿಗೆ ವಿಷಯ ಪೂರ್ತಿ ತಿಳಿಯಲು ಐದು ನಿಮಿಷ ಬೇಕಾಯಿತು. ತಿಳಿದ ಮೇಲೆ, "ನಿನ್ನ ಎದೆಗಿಷ್ಟು ಬೆಂಕಿ ಬೀಳ! ಊದಕ್ಕೆ ಬೇರೆ ಏನೂ ಸಿಗ್ಲಿಲ್ವಾ ನಿಂಗೆ? ನನ್ ತಾಳೀನೇ ಸಿಕ್ತಾ?" ಎಂದು ಬೀದಿಗೆಲ್ಲ ಕೇಳುವಂತೆ ಬೈದಳು.

"ಬೈಬೇಡ್ವೆ..." ಅಂದ ಗೋವಿಂದರಾಜು ಮಾತಿಗೊಂದು ಸಲ ನಿಲ್ಲುತ್ತಾ, "ಬಿರಿಯಾನಿಗೆ... ನಾನೂ... ಸೇರ್ಕಂಡಿದ್ದೆ."

ಕಾಂತರಾಜುವಿಗೆ ಆ ರಾತ್ರಿ ಊಟ ಸೇರಲಿಲ್ಲ. ತಪ್ಪಾಯಿತು ಎನ್ನುವುದಕ್ಕಿಂತ, ತನ್ನ ಜಂಬವೇ ತಂಗಿಯ ಮನೆ ಹಾಳುಮಾಡುತ್ತಿದೆ ಎನ್ನುವುದು ಅವನನ್ನು ತಿನ್ನುತ್ತಿತ್ತು. ಹೋಗಿ ಒಪ್ಪಿಕೊಳ್ಳುವುದೆಂದು ತೀರ್ಮಾನಿಸಿದ. ಅಂಬರೀಶ್‌ಗೆ ಹೇಗೋ ಗಾಳಿ ಸುದ್ದಿ ಮುಟ್ಟಿತು. "ಏನಪ್ಪಾ ಕಾಂತ, ನೀನೊಬ್ಬ ಬಾಯಿ ಬಿಟ್ರೆ ಅಷ್ಟೂ ಜನರ ಹೊಟ್ಟೆ ಮೇಲೆ ಹೊಡ್ದಂಗೆ. ನಿಂಗಂತೂ ಗೇಟ್ ಒಳಗೆ ಕಾಲಿಡಕ್ಕೂ ಬಿಡಲ್ಲ, ಯೋಚ್ನೆ ಮಾಡು" ಅಂದ.

"ಮಾಡ್ದೆ ಸಾರ್. ಅಭ್ಯಾಸ ಇಲ್ಲ, ಅದಕ್ಕೆ ಒಂದ್ ರಾತ್ರಿ ಪೂರ್ತಿ ಹಿಡೀತು" ಅಂದು ಕಾಂತರಾಜು ರಜೆ ಚೀಟಿ ಬರೆದಿಟ್ಟ.

ದೊಡ್ಡಾಸ್ಪತ್ರೆಯಲ್ಲಿ ಕಮಿಟಿಗೆ ಕಡತ ಸಿದ್ಧಮಾಡುವವರು ಡಾಕ್ಟರ್ ಸಂಘಮಿತ್ರ. ಗಾಲಿಕುರ್ಚಿಯಲ್ಲಿ ಗೋವಿಂದರಾಜು, ಹಿಂದೆ ಅನಸೂಯ, ಮುಂದೆ ಕೈಕಟ್ಟಿ ನಿಂತ ಕಾಂತರಾಜು. ಅವನು ಎಲ್ಲವನ್ನೂ ಹೇಳಿದ, ಮಜ್ಜಿಗೆಯನ್ನೂ ಬಿಡಲಿಲ್ಲ. ಡಾಕ್ಟರು ನಗಬೇಕೋ ಬೈಯಬೇಕೋ ತಿಳಿಯದೆ ಸ್ವಲ್ಪ ಹೊತ್ತು ಕನ್ನಡಕ ಒರೆಸಿದರು.

"ನಾನು ನಂಬ್ತೀನಿ. ಕಮಿಟಿ ನಂಬಬೇಕಲ್ಲ? ತಂಗಿ ಗಂಡನಿಗೋಸ್ಕರ ಸುಳ್ಳು ಹೇಳ್ತಿದ್ದಾನೆ ಅಂತಾರೆ ಫ್ಯಾಕ್ಟರಿಯವರು."

"ಊದಿ ತೋರಿಸ್ತೀನಿ ಮೇಡಂ! ಆ ಮೂರು ಪಾಯಿಂಟ್ ಏಳು ನಂದು. ಕೊಡಿ ಪೈಪು."

ಕಾಲು ಅಗಲಿಸಿ ಕೂತು, ಹಳೆಯ ಕಬಡ್ಡಿ ಗೆರೆ ಮುಟ್ಟುವವನಂತೆ ನೆಲ ಮುಟ್ಟಿ ಹಣೆಗೊತ್ತಿಕೊಂಡು ಊದಿದ. ಮೂರು ಪಾಯಿಂಟ್ ಒಂದು. ಬೆಳಿಗ್ಗೆ ಚಿತ್ರಾನ್ನ ಜಾಸ್ತಿ ಆಯಿತು ಎಂದು ಬೆಲ್ಟು ಸಡಿಲಿಸಿ ಮತ್ತೆ ಊದಿದ. ಮೂರು ಪಾಯಿಂಟ್ ಒಂದು. ಮೂರನೆಯ ಸಲ ಕಣ್ಣು ಕೆಂಪಾಗುವ ತನಕ ಊದಿ, ಕೆಮ್ಮು ಹತ್ತಿ, ಮೂರಕ್ಕೆ ನಿಂತ.

"ಮಿಷನ್ ಕೆಟ್ಟೈತೆ" ಅಂದ.

ಡಾಕ್ಟರು ಹೊಸ ಕೊಳವೆ ಹಾಕಿ ತಾವೇ ಊದಿ ತೋರಿಸಿದರು. ಯಂತ್ರ ಸರಿಯಾಗಿಯೇ ಇತ್ತು.

ಕಾಂತರಾಜು ಕೊಳವೆ ಕೆಳಗಿಟ್ಟ. ತನ್ನ ಎದೆಗೇನಾಗಿದೆ ಎಂಬ ಯೋಚನೆ ಅವನಿಗೆ ಬರಲೇ ಇಲ್ಲ. ಗೋವಿಂದನ ಆಕ್ಸಿಜನ್ ಯಂತ್ರ ಕೈತಪ್ಪಿತು, ತಂಗಿಯ ಮುಂದೆ ಸುಳ್ಳನಾದೆ, ಇಷ್ಟೇ ಅವನ ತಲೆಯಲ್ಲಿದ್ದದ್ದು. ಆಗ ಡಾಕ್ಟರು ಕೇಳಿದರು: "ಬೇರೆಯವರ ಚೀಟಿಗಳೂ ನೀವೇ ಊದಿದ್ದು ಅಂದ್ರಲ್ಲ, ಅವು ಸಿಗ್ತಾವಾ?"

ಚೀಟಿಗಳಿದ್ದದ್ದು ಅವರವರ ಮನೆಯಲ್ಲಿ. ಕೊಟ್ಟರೆ ಕಳ್ಳತನ ಒಪ್ಪಿಕೊಂಡಂತೆ, ಕೆಲಸಕ್ಕೂ ಸಂಚಕಾರ. ಕಾಂತರಾಜು ಫ್ಯಾಕ್ಟರಿಯವರ ವಾಟ್ಸಾಪ್ ಗ್ರೂಪಿಗೆ ಮಾತಿನಲ್ಲೇ ಸಂದೇಶ ಹಾಕಿದ: "ಲೇ, ಗೋವಿಂದ ನನ್ ಪಕ್ಕದಲ್ಲೇ ಅವ್ನೆ, ಮಾತಾಡಕ್ಕಾಗ್ತಿಲ್ಲ. ನಿಮ್ ಮೂರು ವರ್ಷದ್ ಚೀಟಿ ಫೋಟೋ ಕಳ್ಸ್ರಪ್ಪ. ಮನೇಲಿರೋರಿಗೆ ಹೇಳಿ ತೆಗ್ಸಿ. ಭಯ ಆಯ್ತದೆ, ನಂಗೂ ಆಯ್ತೈತೆ. ಆದ್ರೂ ಕಳ್ಸಿ."

ಎಲ್ಲರೂ ನೋಡಿದ ನೀಲಿ ಗುರುತು ಬಂತು, ಉತ್ತರ ಬರಲಿಲ್ಲ. ಅರ್ಧ ಗಂಟೆ ಕಳೆಯಿತು. ಅನಸೂಯ ಗಂಡನ ಬೆನ್ನು ನೀವುತ್ತಾ ಅಣ್ಣನ ಫೋನನ್ನೇ ನೋಡುತ್ತಿದ್ದಳು. ಕೊನೆಗೆ ಪಿಳ್ಳಣ್ಣನ ಚೀಟಿ ಬಂತು, ಜೊತೆಗೊಂದು ಸಂದೇಶ: "ನನ್ನ ಹೆಂಡ್ತಿ ಫ್ರೇಮ್ ಹಾಕ್ಸಿಟ್ಟಿದ್ಲು, ಬಿಚ್ಚಿಸ್ದೆ." ಅದರ ಹಿಂದೆ ಇನ್ನೊಂದು, ಮತ್ತೊಂದು. ಮಧ್ಯಾಹ್ನದೊಳಗೆ ಹದಿನಾಲ್ಕು ಜನರದ್ದು ಬಂದವು. ಅಂಬರೀಶ್ ಗ್ರೂಪ್ ಬಿಟ್ಟು ಹೋದ.

ಡಾಕ್ಟರ್ ಸಂಘಮಿತ್ರ ಅವನ್ನೆಲ್ಲ ಮುದ್ರಿಸಿ ಮೇಜಿನ ಮೇಲೆ ಸಾಲಾಗಿ ಹರಡಿದರು. ಕುಳ್ಳರು, ಎತ್ತರದವರು, ಬೀಡಿ ಸೇದುವವರು, ಇಪ್ಪತ್ತನಾಲ್ಕರವರು, ಅರವತ್ತರ ಹತ್ತಿರದವರು. ಕಾಂತರಾಜು ಊದಿದ ಮೊದಲ ವರ್ಷ ಎಲ್ಲರದ್ದೂ ನಾಲ್ಕು ಪಾಯಿಂಟ್ ಆರರ ಆಸುಪಾಸು. ಎರಡನೆಯ ವರ್ಷ ಎಲ್ಲರದ್ದೂ ನಾಲ್ಕು ಪಾಯಿಂಟ್ ಎರಡು. ಮೂರನೆಯ ವರ್ಷ ಎಲ್ಲರದ್ದೂ ಮೂರು ಪಾಯಿಂಟ್ ಏಳು.

"ಇಷ್ಟೂ ಜನ ಒಟ್ಟಿಗೆ, ಒಂದೇ ಅಳತೇಲಿ ಇಳಿಯಲ್ಲ" ಅಂದರು. "ಇದೆಲ್ಲ ಒಂದೇ ಎದೆ. ಕಮಿಟಿಗೆ ಇದಕ್ಕಿಂತ ಸಾಕ್ಷಿ ಬೇಡ. ಗೋವಿಂದರಾಜು ಅವರ ಉಸಿರನ್ನ ಫ್ಯಾಕ್ಟರೀಲಿ ಯಾರೂ ಅಳೆದೇ ಇಲ್ಲ ಅಂತ ನಾನೇ ಬರೆದು ಸಹಿ ಹಾಕ್ತೀನಿ. ಯಂತ್ರಕ್ಕೆ ಇವತ್ತೇ ಶಿಫಾರಸು ಮಾಡ್ತೀನಿ."

ಅನಸೂಯ ಸೆರಗು ಬಾಯಿಗೊತ್ತಿಕೊಂಡಳು. ಕಾಂತರಾಜು ಗೆದ್ದವನಂತೆ ಎದ್ದು ನಿಂತ. "ನಾನ್ ಹೇಳಿಲ್ವಾ ಮೇಡಂ, ಎಲ್ಲಾ ನಂದೇ ಅಂತ!"

"ಹೌದು, ಎಲ್ಲಾ ನಿಮ್ಮದೇ" ಅಂದರು ಡಾಕ್ಟರು. ಪೆನ್ನಿನ ತುದಿಯನ್ನು ನಾಲ್ಕು ಪಾಯಿಂಟ್ ಆರರ ಮೇಲಿಟ್ಟು, ಅಲ್ಲಿಂದ ನಾಲ್ಕು ಪಾಯಿಂಟ್ ಎರಡಕ್ಕೆ, ಅಲ್ಲಿಂದ ಮೂರು ಪಾಯಿಂಟ್ ಏಳಕ್ಕೆ, ಕೊನೆಗೆ ಇವತ್ತಿನ ಚೀಟಿಗೆ ತಂದು ನಿಲ್ಲಿಸಿದರು. "ಒಂದೂವರೆ ಲೀಟರ್ ಹೋಗಿದೆ ಕಾಂತರಾಜು ಅವರೇ. ನಿಮ್ಮ ಸ್ವಂತ ಚೀಟಿ ಒಂದು ದಿನವಾದ್ರೂ ನೋಡ್ಕೊಂಡ್ರಾ?"

"ನಂದು ನೋಡಕ್ಕೇನೈತೆ ಅಂತ ಬಿಸಾಕ್ಬಿಡ್ತಿದ್ದೆ" ಅಂದ ಕಾಂತರಾಜು. ಅಂದ ಮೇಲೆ ತಾನು ಅಂದದ್ದು ಅವನಿಗೇ ಕೇಳಿಸಿತು. ಮೇಜಿನ ತುಂಬ ಹರಡಿದ್ದ ಕಾಗದಗಳನ್ನು ಒಂದೊಂದಾಗಿ ನೋಡಿದ. ಭಯವಾಯಿತು. ಕೈ ತಾನಾಗಿಯೇ ಎದೆ ಮುಟ್ಟಿಕೊಂಡಿತು.

ಡಾಕ್ಟರು ಹೊಸ ಕಡತ ತೆಗೆದು ಅವನ ಹೆಸರು ಬರೆದರು. ಎರಡನೇ ಮಹಡಿಗೆ ಹೋಗಿ ಎಕ್ಸ್‌ರೇ ತೆಗೆಸಿಕೊಂಡು ಬರಬೇಕು ಎಂದರು. ಕಾಂತರಾಜು ಚೀಟಿ ಹಿಡಿದು ಹೊರಬಂದು ಅಭ್ಯಾಸದಂತೆ ಮೆಟ್ಟಿಲ ಕಡೆ ನಡೆದ.

"ಭಾವ..." ಗಾಲಿಕುರ್ಚಿಯಿಂದ ಗೋವಿಂದರಾಜು ಕರೆದ. ಮುಂದಿನ ಮಾತಿಗೆ ಉಸಿರು ಕೂಡಿಸಿಕೊಳ್ಳಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. "ಲಿಫ್ಟಲ್ಲಿ... ಹೋಗನ... ಬಾ."

ಕಾಂತರಾಜು ಮೊದಲ ಮೆಟ್ಟಿಲಿನಿಂದ ಕಾಲು ತೆಗೆದು ವಾಪಸ್ ಬಂದ. ಅನಸೂಯ ಒಂದು ಕೈಯಲ್ಲಿ ಗಂಡನ ಕುರ್ಚಿ ತಳ್ಳುತ್ತಾ, ಇನ್ನೊಂದು ಕೈಯಲ್ಲಿ ಅಣ್ಣನ ರಟ್ಟೆ ಹಿಡಿದುಕೊಂಡಳು.