ಬಲ್ಬಿನಾ ಹಾಕದ ಅಡಿಕೆ

ಬುಟ್ಟಿ ತನ್ನ ಮುಂದೆ ಬಂದಾಗ ಬಲ್ಬಿನಾ ಸೊಂಟಕ್ಕೆ ಕಟ್ಟಿದ ಅಡಿಕೆಯ ಗಂಟು ಬಿಚ್ಚಲಿಲ್ಲ. ಊರಿನ ಉಳಿದ ಮನೆಯವರೆಲ್ಲ ಒಂದೊಂದು ಅಡಿಕೆ, ಒಂದೊಂದು ವೀಳ್ಯದೆಲೆ ಹಾಕಿಯಾಗಿತ್ತು. ಅವಳದೊಂದು ಬಿದ್ದರೆ ನದಿ ದಂಡೆಯ ಕಂಬಕ್ಕೆ ಕಟ್ಟಿದ ಕೋಣನ ಕೊಂಬು ಇಳಿಯುತ್ತದೆ, ಹಂದಿ ಕೊಯ್ಯುತ್ತಾರೆ, ಜಲ್ಲಿ ತೆಗೆಯಬಾರದೆಂಬ ಕಟ್ಟು ಮುಗಿಯುತ್ತದೆ. ಕೊಂಬು ಕಂಬದ ಮೇಲಿರುವಷ್ಟು ದಿನ ಒಂದು ಹಿಡಿ ಮರಳನ್ನೂ ಯಾರೂ ಎತ್ತುವ ಹಾಗಿಲ್ಲ. ಸರ್ಕಾರವೂ ಅಷ್ಟೇ.

"ಹಾಕೇ, ಬಿಸಿಲು ಏರ್ತಿದೆ," ಎಂದ ಅಲೈಶೊ. ಅವನು ಅವಳ ಅಣ್ಣ. ಊರಿನ ಕಟ್ಟಳೆ ನೋಡಿಕೊಳ್ಳುವ ಹಿರಿಯನೂ ಅವನೇ.

"ಏರ್ಲಿ ಬಿಡಣ್ಣ. ಹೋದ ಸಲ ಜಲ್ಲಿ ತೆಗೆದಾಗ ನದಿ ಈ ಕಡೆ ತಿರುಗಿ ನನ್ನ ಅರ್ಧ ಹೊಲ ತಿಂತು. ಈ ಸಲ ಉಳಿದರ್ಧ. ಆಮೇಲೆ ಮೆಕ್ಕೆಜೋಳ ಎಲ್ಲಿ ಬಿತ್ಲಿ, ನಿಮ್ಮ ರಸ್ತೆ ಮೇಲಾ?"

ಹೆಂಗಸರು ನಕ್ಕರು. ಕರಾವಳಿಯ ರಾಜಧಾನಿ ದಿಲಿಯಿಂದ ಬಂದಿದ್ದ ಎಂಜಿನಿಯರ್ ಅಬಿಲಿಯೊ ನಗಲಿಲ್ಲ. ರಸ್ತೆಗೆ ನದಿಯ ಜಲ್ಲಿ ಹೊರಲು ಬಂದ ಅವನ ಲಾರಿಗಳು ದಿಣ್ಣೆಯ ಮೇಲೆ ಸಾಲಾಗಿ ನಿಂತಿದ್ದವು. ಡಿಸೆಂಬರ್ ಮುಗಿಯಲು ಹನ್ನೊಂದು ದಿನ ಉಳಿದಿತ್ತು. ಅಷ್ಟರಲ್ಲಿ ಕೆಲಸ ಶುರುವಾಗದಿದ್ದರೆ ರಸ್ತೆಯ ಹಣ ಖಜಾನೆಗೆ ವಾಪಸ್ಸು. ಸಮುದ್ರದಡಿಯ ಕಚ್ಚಾ ಎಣ್ಣೆ ಮಾರಿ ಬಂದ ಹಣ ಅದು. ಎಣ್ಣೆ ಬತ್ತುತ್ತಿದೆ ಎಂದು ರೇಡಿಯೊ ದಿನಾ ಹೇಳುತ್ತಿತ್ತು. ಬೇಗ ಖರ್ಚು ಮಾಡಿ ಎಂದು ಕಚೇರಿ ದಿನಾ ಹೇಳುತ್ತಿತ್ತು.

"ರಸ್ತೆ ಬಂದ್ರೆ ನಿಮ್ಮ ಕಾಫಿ ಲಾರೀಲಿ ಹೋಗತ್ತಮ್ಮ. ದೇಶ ಬೆಳೀಬೇಕಲ್ವಾ?"

"ಬೆಳೀಲಿ, ಬೇಡ ಅಂದೋರ್ಯಾರು? ಮೊದ್ಲು ನನ್ನ ಹೊಲಕ್ಕೊಂದು ಕಲ್ಲಿನ ತಡೆಗೋಡೆ ಕಟ್ಸಿ."

"ಗೋಡೆ ಈ ವರ್ಷದ ಬಜೆಟ್ಟಲ್ಲಿಲ್ಲ. ಮುಂದಿನ ವರ್ಷ ಸೇರಿಸ್ತೀನಿ."

"ಹಾಗಾದ್ರೆ ನನ್ನ ಅಡಿಕೇನೂ ಮುಂದಿನ ವರ್ಷ."

ಈ ಸಲ ಗಂಡಸರೂ ನಕ್ಕರು. ಅಲೈಶೊನ ಮುಖ ಕಪ್ಪಿಟ್ಟಿತು. "ಹೋದ ತಿಂಗಳು ನನ್ನ ಸೊಸೇನ ಕುರ್ಚಿ ಮೇಲೆ ಕೂರಿಸಿ ಆಸ್ಪತ್ರೆಗೆ ಹೊತ್ಕೊಂಡು ಹೋದ್ವಲ್ಲೇ! ನಿಂಗೆ ಜೋಳದ ಚಿಂತೆ."

"ಆ ಕುರ್ಚಿಗೆ ನಾನೂ ಹೆಗಲು ಕೊಟ್ಟಿದ್ದೆ. ನೀನು ಮುಂದೆ ದಾರಿ ತೋರಿಸ್ತಾ ಹೋದೆ, ಬರೀ ಕೈಯಲ್ಲಿ."

ಅಬಿಲಿಯೊನಿಗೆ ಸಾಕಾಗಿತ್ತು. ಪಕ್ಕದ ಮುದುಕಿಯ ಚೀಲದಿಂದ ಒಂದು ಅಡಿಕೆ, ಒಂದು ಎಲೆ ತೆಗೆದು, "ಇಗೋ, ಬಲ್ಬಿನಾ ಅಮ್ಮಂದು," ಎಂದು ಬುಟ್ಟಿಗೆ ಹಾಕಿಬಿಟ್ಟ.

ಅವನು ಹುಟ್ಟಿದ್ದು ಇವೇ ಬೆಟ್ಟಗಳಲ್ಲಿ, ಬೆಳೆದದ್ದು ದಿಲಿಯ ಹಾಸ್ಟೆಲಿನಲ್ಲಿ. ಬದುಕಿರುವವರ ಅಡಿಕೆಯನ್ನು ಇನ್ನೊಬ್ಬರು ಹಾಕುವುದಿಲ್ಲ. ಹೆಸರು ಹೇಳಿ ಬೇರೆಯವರು ಹಾಕುವುದು ಸತ್ತವರಿಗೆ, ಅದೂ ಹೆಣ ಮಣ್ಣು ಮಾಡುವ ದಿನ.

ಮುದುಕಿ ಶಿಲುಬೆಯ ಗುರುತು ಮಾಡಿಕೊಂಡಳು. ಹಿಂದಿನಿಂದ ಒಬ್ಬ, "ಬಿದ್ದಿದ್ದು ಬಿತ್ತಲ್ಲ ಮಾವ, ಕೊಂಬು ಇಳಿಸಿ," ಎಂದ.

ಅಲೈಶೊ ಬುಟ್ಟಿಯನ್ನೇ ನೋಡಿದ. ಆಮೇಲೆ ಅದನ್ನೆತ್ತಿ ನೆಲಕ್ಕೆ ಬೋರಲು ಹಾಕಿದ. ಹೋಗಿ ಹಂದಿಯ ಹಗ್ಗ ಬಿಚ್ಚಿದ.

"ತಪ್ಪಾಯ್ತು ಯಜಮಾನ್ರೇ," ಎಂದ ಅಬಿಲಿಯೊ, ಹಿಂದೆಯೇ ಹೋಗಿ. "ನಾಳೆ ಇನ್ನೊಂದ್ಸಲ ಮಾಡೋಣ."

"ಚೆಲ್ಲಿದ ಬುಟ್ಟಿ ತುಂಬೋದು ಕೊಯ್ಲಾದ ಮೇಲೆ. ಮಾರ್ಚಲ್ಲಿ ಬಾ."

"ಮಾರ್ಚಲ್ಲಿ ಹಣ ಇರಲ್ಲ!"

"ನನ್ನ ತಂಗಿ ಇರ್ತಾಳೆ," ಎಂದ ಅಲೈಶೊ. ಅವಳ ಕಡೆ ತಿರುಗದೆಯೇ, "ಮನೇಗೆ ಹೋಗೇ. ಒಂದು ವಾರ ನನ್ನ ಕಣ್ಣಿಗೆ ಬೀಳ್ಬೇಡ," ಎಂದ.

ಊರವರು ಅವಳನ್ನು ದಾಟಿಕೊಂಡು ಹೋದರು. ಒಬ್ಬರೂ ಮಾತಾಡಿಸಲಿಲ್ಲ.

ದಿಣ್ಣೆಯ ಮೇಲೆ ತಿರುಗಿಸಲು ಜಾಗವಿರಲಿಲ್ಲ. ಲಾರಿಗಳು ಒಂದೊಂದಾಗಿ ಹಿಂದಕ್ಕೆ ಸರಿದವು. ಕೊನೆಯದರ ಗಾಲಿ ಬಲ್ಬಿನಾಳ ಹೊಲದಂಚಿನ ಹಸಿಮಣ್ಣಿನಲ್ಲಿ ಹೂತುಕೊಂಡಿತು. ಡ್ರೈವರ್ ಇಳಿದು ಬಂದು ಗುದ್ದಲಿ ಕೇಳಿದ. ಅವಳು ಕೊಟ್ಟಳು. ಅದು ವಾಪಸು ಬರುವವರೆಗೆ, ಮೊಣಕಾಲೆತ್ತರ ಬೆಳೆದ ಜೋಳದ ಸಾಲಿನಲ್ಲಿ ಕೂತು ಬರಿಗೈಯಲ್ಲೇ ಕಳೆ ಕೀಳತೊಡಗಿದಳು.